ಹಡಗಿನ ಎಂಜಿನ್ ರೂಮಿನ ಫಿಟ್ಟರ್ ಕೆಲಸ: ಸಂಘದಿಂದ ಸಾಲ ಕೊಡುವ ಮೊದಲು



ಹಳೇಹುಬ್ಬಳ್ಳಿಯ ಒಂದು ಸ್ವ-ಸಹಾಯ ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು ಮುಗಿಯುವ ಹೊತ್ತಿಗೆ ಹಿಂದೆ ಕುಳಿತಿದ್ದ ಒಬ್ಬ ತಾಯಿ ಎದ್ದು ನಿಂತರು. ಕೈಯಲ್ಲಿ ಒಂದು ಕಾಗದ ಇತ್ತು.

"ಸಿಸ್ಟರ್, ನನ್ನ ಮಗಗ ಹಡಗಿನ್ಯಾಗ ನೌಕರಿ ಹತ್ತೇತ್ರಿ. ಎಂಜಿನ್ ರಿಪೇರಿ ಮಾಡೂ ಕೆಲಸ. ಎರಡೂವರಿ ಲಕ್ಷ ಕಟ್ಟಬೇಕಂತ. ಸಂಘದಿಂದ ಒಂದೂವರಿ ಲಕ್ಷ ಕೊಟ್ರ, ಉಳದದ್ದು ಬಂಗಾರ ಇಟ್ಟು ಹೊಂದಸ್ತೀನ್ರಿ."

ಎಲ್ಲರಿಗೂ ಖುಷಿ ಆಯಿತು. ಆ ಹುಡುಗ ಐಟಿಐಯಲ್ಲಿ ಫಿಟ್ಟರ್ ಪಾಸಾಗಿ ಎರಡು ವರ್ಷದಿಂದ ಗೋಕುಲ ರೋಡಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದ. ಒಳ್ಳೆಯ ಹುಡುಗ, ಕುಡಿತ ಇಲ್ಲ, ತಾಯಿಗೆ ಆಸರೆ. ಸಾಲ ಕೊಡೋಣ ಅಂತ ಸಂಘದವರು ಒಪ್ಪಿಯೇ ಬಿಟ್ಟಿದ್ದರು. ನಾವು ಸುಮ್ಮನೆ ನಾಲ್ಕು ಪ್ರಶ್ನೆ ಕೇಳಿದೆವು. ಹಡಗಿನ ಹೆಸರೇನು? ಕಂಪನಿ ಯಾವುದು, ಅದಕ್ಕೆ ಲೈಸೆನ್ಸ್ ಇದೆಯೇ? ದುಡ್ಡು ಯಾರ ಖಾತೆಗೆ ಹೋಗುತ್ತದೆ? ಹುಡುಗ ಅಲ್ಲಿ ದಿನಾ ಏನು ಕೆಲಸ ಮಾಡ್ತಾನೆ? ತಾಯಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಸರಿಯಾದ ಉತ್ತರ ಹೇಗಿರುತ್ತದೆ ಅಂತ ನಮಗೂ ಗೊತ್ತಿರಲಿಲ್ಲ. ಸಮಾಜ ಕಾರ್ಯದ ಎಂ.ಎ. ಓದುವಾಗ ನಮಗೆ ಸಮುದಾಯ ಸಂಘಟನೆ ಕಲಿಸಿದರು, ಹಡಗಿನ ವಿಷಯ ಯಾರೂ ಕಲಿಸಲಿಲ್ಲ! ಎರಡು ವಾರ ಸಮಯ ಕೊಡಿ, ತಿಳಿದುಕೊಂಡು ಹೇಳ್ತೀವಿ ಅಂತ ಕೇಳಿಕೊಂಡು ಬಂದೆವು. ಆ ಎರಡು ವಾರದಲ್ಲಿ ಮತ್ತು ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಊರಿಗೂ ಹಡಗಿಗೂ ಏನು ಸಂಬಂಧ?

ಹುಬ್ಬಳ್ಳಿಯಲ್ಲಿ ಸಮುದ್ರ ಇಲ್ಲ, ಆದರೆ ಎಂಜಿನ್ ಗೊತ್ತಿರುವ ಕೈಗಳು ಬಹಳ ಇವೆ. ಇಲ್ಲಿಯ ರೈಲ್ವೆ ವರ್ಕ್‌ಶಾಪ್ 1880ರ ದಶಕದ್ದು, ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ ಶುರುವಾದದ್ದು. ಅಜ್ಜ, ಅಪ್ಪ, ಮಗ ಹೀಗೆ ಮೂರು ತಲೆಮಾರು ಅಲ್ಲೇ ದುಡಿದ ಮನೆಗಳು ಕೇಶ್ವಾಪುರದ ಕಡೆ ಇವೆ. ನಮಗೆ ಪಾಠ ಹೇಳಿದವರೂ ಅಂಥ ಮನೆಯವರೇ. ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಮುಗಿಸಿ, ಆಮೇಲೆ ಹಡಗು ಸೇರಿ, ಹದಿನೈದು ವರ್ಷದಿಂದ ಫಿಟ್ಟರ್ ಆಗಿರುವ ಅಣ್ಣ. ರಜೆಗೆ ಬಂದಿದ್ದರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಅವರು ಮೊದಲು ನಮ್ಮ ಊರಿನ ಡೀಸೆಲ್ ಲೋಕೋ ಶೆಡ್ಡಿನಿಂದಲೇ ಪಾಠ ಶುರು ಮಾಡಿದರು. 1999ರಲ್ಲಿ ಅಮೆರಿಕದಿಂದ ಬಂದ ಡಬ್ಲ್ಯೂಡಿಜಿ-4 ಎಂಬ ಹೊಸ ಮಾದರಿಯ ರೈಲ್ವೆ ಎಂಜಿನ್‌ಗಳಿಗೆ ಹುಬ್ಬಳ್ಳಿ ಶೆಡ್ಡೇ ಮೊದಲ ಮನೆಯಾಯಿತು. ಅದರೊಳಗಿರುವುದು 16 ಸಿಲಿಂಡರಿನ, 4,000 ಅಶ್ವಶಕ್ತಿಯ ಟೂ ಸ್ಟ್ರೋಕ್ ಡೀಸೆಲ್ ಎಂಜಿನ್. ದೊಡ್ಡ ಸರಕು ಹಡಗಿನ ಮುಖ್ಯ ಎಂಜಿನ್ನೂ ಹೆಚ್ಚಾಗಿ ಟೂ ಸ್ಟ್ರೋಕೇ. "ತತ್ವ ಒಂದೇರಿ ಸಿಸ್ಟರ್, ಗಾತ್ರ ಮಾತ್ರ ಬ್ಯಾರೆ" ಅಂದರು ಆ ಅಣ್ಣ. ರೈಲ್ವೆ ಎಂಜಿನ್ ನಿಮಿಷಕ್ಕೆ ಸುಮಾರು 900 ಸುತ್ತು ತಿರುಗಿದರೆ, ಹಡಗಿನದು 80ರಿಂದ 100 ಸುತ್ತು ತಿರುಗಿದರೆ ಸಾಕು. ನಿಧಾನ, ಆದರೆ ಆನೆಯ ಹೆಜ್ಜೆ. ಪಿಸ್ಟನ್ನನ್ನು ರಾಡ್ ಸಮೇತ ಮೇಲೆತ್ತಿದರೆ ಆಳುದ್ದಕ್ಕಿಂತ ಎತ್ತರ. ಒಂದು ಸಿಲಿಂಡರಿನ ಮುಚ್ಚಳ ಎತ್ತಲಿಕ್ಕೂ ಮೇಲೆ ಕ್ರೇನ್ ಬೇಕು. ಇಡೀ ಎಂಜಿನ್ ಮೂರು ನಾಲ್ಕು ಮಾಳಿಗೆಯ ಮನೆಯಷ್ಟು.

ಎಂಜಿನ್ ರೂಮಿನೊಳಗೆ

ಒಂದು ದೊಡ್ಡ ಸರಕು ಹಡಗಿನಲ್ಲಿ ಇರುವವರು ಬರೀ ಇಪ್ಪತ್ತು ಇಪ್ಪತ್ತೈದು ಜನ. ಅರ್ಧದಷ್ಟು ಜನ ಮೇಲೆ ಡೆಕ್ಕಿನ ಕಡೆ ಮತ್ತು ಅಡುಗೆಗೆ, ಉಳಿದವರು ಕೆಳಗೆ ಎಂಜಿನ್ ಕಡೆ. ಎಂಜಿನ್ ವಿಭಾಗದ ಹಿರಿಯರು ಚೀಫ್ ಎಂಜಿನಿಯರ್. ಅವರ ಕೆಳಗೆ ಸೆಕೆಂಡ್, ಥರ್ಡ್, ಫೋರ್ತ್ ಎಂಜಿನಿಯರ್. ಇವರೆಲ್ಲ ಅಧಿಕಾರಿಗಳು. ಕೈಕೆಲಸದವರಲ್ಲಿ ವೈಪರ್, ಮೋಟರ್‌ಮನ್, ಫಿಟ್ಟರ್ ಅಂತ ಇರ್ತಾರೆ. ವೈಪರ್ ಅಂದರೆ ಎಣ್ಣೆ ಒರೆಸುವುದು, ಸ್ವಚ್ಛ ಮಾಡುವುದು, ಸಾಮಾನು ಕೊಡುವುದು. ಮೋಟರ್‌ಮನ್ ಯಂತ್ರಗಳ ಸುತ್ತ ತಿರುಗಿ ನೋಡಿಕೊಳ್ಳುವವ. ಫಿಟ್ಟರ್ ಅಂದರೆ ಮುರಿದದ್ದನ್ನು ಸರಿಮಾಡುವ ಕಸಬುದಾರ: ವೆಲ್ಡಿಂಗ್, ಗ್ಯಾಸ್ ಕಟಿಂಗ್, ಲೇತ್, ಪೈಪಿನ ಕೆಲಸ ಎಲ್ಲಾ ಅವನದೇ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಡಲು ನೋಡದ ಹುಡುಗನನ್ನು ಒಳ್ಳೆಯ ಕಂಪನಿ ನೇರವಾಗಿ ಫಿಟ್ಟರ್ ಅಂತ ತೆಗೆದುಕೊಳ್ಳುವುದು ಅಪರೂಪ. ಕೆಳಗಿನ ಕೆಲಸದಿಂದ ಮೇಲೆ ಬರಬೇಕು, ಅಥವಾ ಟ್ರೇನಿ ಆಗಿ ಹೋಗಬೇಕು. ಬಹಳ ಕಂಪನಿಗಳು ಕೈಯ ಪರೀಕ್ಷೆ ತೆಗೆದುಕೊಳ್ಳುತ್ತವೆ. ಎದುರಿಗೆ ಕೂರಿಸಿ ಪೈಪ್ ವೆಲ್ಡ್ ಮಾಡಿಸುತ್ತಾರೆ, ಲೇತ್ ಮೇಲೆ ಆಟೆ ಕೊಯ್ಯಿಸುತ್ತಾರೆ. ಸರ್ಟಿಫಿಕೇಟ್ ಜೆರಾಕ್ಸ್ ನೋಡಿ ಯಾರೂ ಒಪ್ಪುವುದಿಲ್ಲ. ನಮ್ಮ ಸಂಘದ ತಾಯಿಯ ಕಾಗದದಲ್ಲಿ ಹುಡುಗನಿಗೆ ಮೊದಲ ದಿನವೇ "ಫಿಟ್ಟರ್" ಹುದ್ದೆ ಅಂತ ಇತ್ತು. ಅಣ್ಣ ಅದನ್ನು ಓದಿ ಸುಮ್ಮನೆ ನಕ್ಕರು.

ದಿನ ಹೇಗಿರುತ್ತದೆ ಅಂತ ಕೇಳಿದೆವು. ಬೆಳಿಗ್ಗೆ ಎಂಟಕ್ಕೆ ಸೆಕೆಂಡ್ ಎಂಜಿನಿಯರ್ ಎಲ್ಲರನ್ನೂ ನಿಲ್ಲಿಸಿ ಕೆಲಸ ಹಂಚುತ್ತಾರೆ. ಫಿಟ್ಟರ್ ಸಾಮಾನ್ಯವಾಗಿ ಸಂಜೆ ಐದರ ತನಕ. ಹಡಗಿನೊಳಗೆ ಎಂಜಿನ್ ತಣ್ಣಗಾಗಿಸಲು ಸಮುದ್ರದ ನೀರು ಹರಿಯುವ ಪೈಪುಗಳಿರುತ್ತವೆ. ಉಪ್ಪುನೀರು ಕಬ್ಬಿಣ ತಿನ್ನುತ್ತದೆ. ಎಲ್ಲೋ ಒಂದು ಕಡೆ ತೂತು ಬಿದ್ದೇ ಬೀಳ್ತದೆ. ಹಳೆಯ ಪೈಪ್ ಬಿಚ್ಚಿ, ಅಳತೆ ತೆಗೆದು, ಹೊಸದು ಕೊಯ್ದು, ಫ್ಲಾಂಜ್ ಕೂಡಿಸಿ ವೆಲ್ಡ್ ಮಾಡಿ, ಗ್ಯಾಸ್ಕೆಟ್ ಹಾಕಿ ಬಿಗಿಯಬೇಕು. ಇಂಧನದ ಕೊಳೆ ಬೇರ್ಪಡಿಸುವ ಪ್ಯೂರಿಫೈಯರ್ ಬಿಚ್ಚಿ ತೊಳೆಯಬೇಕು. ಜನರೇಟರಿನ ಹೆಡ್ ಇಳಿಸಿ ವಾಲ್ವ್ ಉಜ್ಜಿ ಕೂಡಿಸಬೇಕು. ಬಂದರಿನಲ್ಲಿ ಎಂಜಿನ್ ನಿಂತಾಗ ಮುಖ್ಯ ಎಂಜಿನ್ನಿನ ಒಂದು ಸಿಲಿಂಡರ್ ಬಿಚ್ಚಿ ಪಿಸ್ಟನ್ ರಿಂಗ್ ಬದಲಿಸುವ ಕೆಲಸ ಬಂದರೆ ಹಗಲು ರಾತ್ರಿ ಅಂತಿಲ್ಲ.

ಹಡಗು ಸುಡುವ ದಪ್ಪ ಎಣ್ಣೆ ಡಾಂಬರಿನ ತಮ್ಮ. ಅದನ್ನು ನೂರು ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಿದರೇ ಎಂಜಿನ್ನಿಗೆ ಸಿಂಪಡಿಸಲು ಬರುತ್ತದೆ. ಹಾಗಾಗಿ ಎಂಜಿನ್ ರೂಮಿನಲ್ಲಿ 40ರಿಂದ 50 ಡಿಗ್ರಿ ಸೆಕೆ ಸಾಮಾನ್ಯ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಕೂತ ಹಾಗೆ, ಅದೂ ನೆಲ ಅಲುಗಾಡುತ್ತಿರುವಾಗ. ಸಪ್ಪಳ ಎಷ್ಟೆಂದರೆ ಮಾತು ಕೇಳಿಸುವುದಿಲ್ಲ, ಕೈಸನ್ನೆಯೇ ಭಾಷೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ 85 ಡೆಸಿಬಲ್ ದಾಟಿದ ಜಾಗದಲ್ಲಿ ಕಿವಿಗೆ ರಕ್ಷಣೆ ಹಾಕಲೇಬೇಕು. ಎಂಜಿನ್ ರೂಮು ಅದನ್ನು ಎಂದೋ ದಾಟಿರುತ್ತದೆ. ಸೆಕೆ ಅಂತ ಇಯರ್ ಮಫ್ ತೆಗೆದಿಟ್ಟವರು ನಲವತ್ತಕ್ಕೇ ಕಿವುಡರಾಗ್ತಾರೆ ಅಂತ ಅಣ್ಣ ಹೇಳಿದರು. ಹೇಳುವಾಗ ಅವರೇ ಸ್ವಲ್ಪ ಜೋರಾಗಿ ಮಾತಾಡುತ್ತಿದ್ದರು, ಅದನ್ನು ನಾವು ಗಮನಿಸಿದೆವು.

ನಳಾ ಬರುವ ದಿನ ಕಾಯುವ ನಮ್ಮ ಓಣಿಯ ತಾಯಂದಿರಿಗೆ ಇನ್ನೊಂದು ಸಂಗತಿ ಇಷ್ಟವಾಗಬಹುದು. ಎಂಜಿನ್ ತಣ್ಣಗಾಗಿಸಿ ಬಿಸಿಯಾದ ನೀರಿನ ಶಾಖದಿಂದಲೇ ಸಮುದ್ರದ ನೀರನ್ನು ಆವಿ ಮಾಡಿ ಸಿಹಿನೀರು ಮಾಡಿಕೊಳ್ಳುತ್ತಾರೆ. ಗಾಳಿ ಎಳೆದು ಒತ್ತಡ ಇಳಿಸಿದರೆ ನೀರು ನೂರು ಡಿಗ್ರಿಗೆ ಕಾಯದೆ ಬಹಳ ಮೊದಲೇ ಕುದಿಯುತ್ತದೆ. ಆ ಯಂತ್ರ ಕೆಟ್ಟರೆ ಸ್ನಾನಕ್ಕೂ ಲೆಕ್ಕ. ಅದನ್ನು ಸರಿ ಮಾಡುವವನೂ ಫಿಟ್ಟರೇ.

ಹಗೇವಿನ ಪಾಠ

ಅಪಾಯದ ಮಾತು ಬಂದಾಗ ನಾವು ಬೆಂಕಿ, ಬಿರುಗಾಳಿ ಅಂದುಕೊಂಡಿದ್ದೆವು. ಬೆಂಕಿಯ ಭಯ ನಿಜ. ಬಿಸಿ ಎಣ್ಣೆ ಸಣ್ಣ ತೂತಿನಿಂದ ಚಿಮ್ಮಿ ಹೊಗೆ ಕೊಳವೆಯ ಮೇಲೆ ಬಿದ್ದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಅದಕ್ಕೇ 220 ಡಿಗ್ರಿ ದಾಟಿ ಬಿಸಿಯಾಗುವ ಭಾಗಗಳಿಗೆ ಹೊದಿಕೆ ಇರಲೇಬೇಕು ಅಂತ ನಿಯಮ. ರಿಪೇರಿಗೆ ಆ ಹೊದಿಕೆ ಬಿಚ್ಚಿದವನು ಕೆಲಸ ಮುಗಿದ ಮೇಲೆ ಪುನಃ ಕಟ್ಟಬೇಕು. ವೆಲ್ಡಿಂಗ್ ಮಾಡುವ ಮೊದಲು ಲಿಖಿತ ಅನುಮತಿ ಬೇಕು. ಆದರೆ ಆ ಅಣ್ಣ ಹೆಚ್ಚು ಹೊತ್ತು ಹೇಳಿದ್ದು ಮುಚ್ಚಿದ ಟ್ಯಾಂಕುಗಳ ಬಗ್ಗೆ.

ನಮ್ಮ ಹಳ್ಳಿಗಳಲ್ಲಿ ಜೋಳ ತುಂಬಿಡುವ ಹಗೇವು ಹಿರಿಯರಿಗೆ ನೆನಪಿರಬೇಕು. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಉಸಿರೂ ಆರುತ್ತದೆ ಅಂತ ಅವರಿಗೆ ಗೊತ್ತಿತ್ತು. ಹಡಗಿನ ಟ್ಯಾಂಕೂ ಹಾಗೆಯೇ. ಕಬ್ಬಿಣ ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕ ತಿಂದುಬಿಟ್ಟಿರುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟು ಇರಬೇಕು. ಕಡಿಮೆಯಾದರೆ ವಾಸನೆಯಿಲ್ಲ, ಸೂಚನೆಯಿಲ್ಲ, ಮನುಷ್ಯ ಸುಮ್ಮನೆ ಬೀಳ್ತಾನೆ. ಹಡಗಿನಲ್ಲಿ ದೀಪ ಇಳಿಸುವಂತಿಲ್ಲ, ಎಣ್ಣೆಯ ಆವಿ ಇದ್ದರೆ ಸಿಡಿಯುತ್ತದೆ. ಅಳೆಯುವ ಮೀಟರ್ ಇದೆ, ಅನುಮತಿ ಚೀಟಿ ಇದೆ, ಬಾಗಿಲಲ್ಲಿ ಒಬ್ಬ ಕಾವಲು ನಿಲ್ಲಬೇಕು. 2015ರಿಂದ ಎರಡು ತಿಂಗಳಿಗೊಮ್ಮೆ ಇದರ ತಾಲೀಮು ಕಡ್ಡಾಯ.

ಸಾಯುವವರಲ್ಲಿ ಎಷ್ಟೋ ಜನ ಮೊದಲು ಬಿದ್ದವರಲ್ಲ, ಅವರನ್ನು ಎತ್ತಲು ಓಡಿ ಇಳಿದವರು. ಗೆಳೆಯ ಕಣ್ಣೆದುರು ಬಿದ್ದಾಗ ಕೂಗಿ ಜನ ಕರೆಯಬೇಕೇ ಹೊರತು ತಾನು ಇಳಿಯಬಾರದು. "ಇದು ಕಲಿಸೋದು ಬಾಳ ಕಷ್ಟರಿ, ನಮ್ಮ ಹುಡುಗರು ಜೀವಾ ಕೊಡೋರು" ಅಂದರು ಅಣ್ಣ. ಈ ಸಾಲನ್ನು ಯುವಕರು ಇನ್ನೊಮ್ಮೆ ಓದಿ. ಊರಿನ ಮ್ಯಾನ್‌ಹೋಲು, ಗುಂಡಿಗಳಿಗೂ ಇದೇ ಮಾತು.

ಸಣ್ಣ ಕೆಲಸದ ತೂಕ ಏನು ಅಂತ ತಿಳಿಯಲು ಒಂದು ಘಟನೆ. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರಿನಲ್ಲಿ ಡಾಲಿ ಎಂಬ ಹಡಗಿನ ವಿದ್ಯುತ್ ಹೋಯಿತು. ದಿಕ್ಕು ತಪ್ಪಿ ಸೇತುವೆಯ ಕಂಬಕ್ಕೆ ಬಡಿಯಿತು. ಸೇತುವೆ ಕುಸಿದು, ಅದರ ಮೇಲೆ ರಸ್ತೆ ದುರಸ್ತಿ ಮಾಡುತ್ತಿದ್ದ ಆರು ಜನ ಕೂಲಿಕಾರರು ತೀರಿಕೊಂಡರು. ಹಡಗಿನ ಸಿಬ್ಬಂದಿಯಲ್ಲಿ ಬಹುತೇಕರು ಭಾರತೀಯರು. ಅವರಲ್ಲಿ ಹಲವರು ತಿಂಗಳುಗಟ್ಟಲೆ ಮನೆಗೆ ಬರಲಾಗಲಿಲ್ಲ. 2025ರ ನವೆಂಬರಿನಲ್ಲಿ ಅಲ್ಲಿಯ ತನಿಖಾ ಮಂಡಳಿ ಮೂಲ ಕಾರಣ ಹೇಳಿತು: ಒಂದು ವೈರು ಅದರ ಕಿಂಡಿಯಲ್ಲಿ ಪೂರ್ತಿ ಕೂತಿರಲಿಲ್ಲ, ಅದಕ್ಕೆ ಸುತ್ತಿದ್ದ ಹೆಸರಿನ ಪಟ್ಟಿ ಅಡ್ಡ ಬಂದಿತ್ತು. ಯಾವುದೋ ಫಿಟ್ಟರ್ ತಪ್ಪು ಅಂತ ನಾವು ಹೇಳುತ್ತಿಲ್ಲ. ಒಂದು ವೈರು, ಒಂದು ನಟ್ಟು ಎಷ್ಟು ಜನರನ್ನು ಹೊತ್ತಿರುತ್ತದೆ ಅಂತ ಹೇಳುತ್ತಿದ್ದೇವೆ.

ದುಡಿಯುವವನ ಹಕ್ಕು

ಹಡಗು ದೂರ ಇರುತ್ತದೆ, ಅಲ್ಲಿ ಕೇಳುವವರು ಯಾರು ಅಂತ ತಾಯಂದಿರು ಕೇಳ್ತಾರೆ. ಕೇಳುವ ಕಾನೂನು ಇದೆ. 2006ರಲ್ಲಿ ಜಿನೀವಾದಲ್ಲಿ ಒಪ್ಪಿದ ನಾವಿಕ ಕಾರ್ಮಿಕ ಒಡಂಬಡಿಕೆಗೆ ನಮ್ಮ ದೇಶ 2015ರಲ್ಲಿ ಸೇರಿತು. ಅದರ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ. ತಿಂಗಳಿಗೊಮ್ಮೆ ಸಂಬಳ. ಸಂಬಳದ ಪಾಲನ್ನು ನೇರ ಮನೆಗೆ ಕಳಿಸುವ ವ್ಯವಸ್ಥೆ. ಒಪ್ಪಂದ ಮುಗಿದರೆ ಮನೆಗೆ ಬರುವ ಖರ್ಚು ಹಡಗಿನ ಮಾಲೀಕನದು. ಸಹಿ ಮಾಡಿದ ಒಪ್ಪಂದದ ಒಂದು ಪ್ರತಿ ದುಡಿಯುವವನ ಕೈಯಲ್ಲಿ ಇರಲೇಬೇಕು. 2024ರ ಡಿಸೆಂಬರಿನಿಂದ ಜಾರಿಯಾದ ತಿದ್ದುಪಡಿಯಲ್ಲಿ ಮೈಗೆ ಸರಿಹೊಂದುವ ರಕ್ಷಣಾ ಉಡುಪು, ಮನೆಯವರ ಜೊತೆ ಮಾತಾಡಲು ಸಾಧ್ಯವಾದಷ್ಟು ಇಂಟರ್ನೆಟ್ ಸೌಲಭ್ಯ ಕೂಡ ಸೇರಿವೆ.

ಸಂಬಳದ ಲೆಕ್ಕ ಬೇಕೆನ್ನುವವರಿಗೆ ಒಂದು ಅಳತೆಗೋಲು. ಅನುಭವಿ ನಾವಿಕನಿಗೆ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿದ ಕನಿಷ್ಠ ಮೂಲ ವೇತನ 2025ರ ಜನವರಿಯಿಂದ ತಿಂಗಳಿಗೆ 673 ಡಾಲರ್ ಇತ್ತು. ಓವರ್‌ಟೈಮ್ ಬೇರೆ. ನುರಿತ ಫಿಟ್ಟರಿಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ, ಹೊಸಬನಿಗೆ ಕಡಿಮೆ. ಹೊಸ ಹುಡುಗನಿಗೆ ಮೊದಲ ತಿಂಗಳಿಂದಲೇ ಲಕ್ಷಗಟ್ಟಲೆ ಸಂಬಳ ಅಂದರೆ ಅಲ್ಲೇ ಅನುಮಾನ ಪಡಿ. ಇನ್ನೊಂದು ಮಾತು, ಸಂಬಳ ಹಡಗಿನಲ್ಲಿ ಇದ್ದಷ್ಟು ದಿನ ಮಾತ್ರ. ಎಂಟು ಒಂಬತ್ತು ತಿಂಗಳು ದುಡಿದು ಬಂದವನು ಮುಂದಿನ ಕರೆ ಬರುವ ತನಕ ಮನೆಯಲ್ಲೇ. ಬಂದ ದುಡ್ಡೆಲ್ಲ ಮನೆ ಕಟ್ಟಿಸಲು, ತಂಗಿಯ ಮದುವೆಗೆ ಸುರಿದು ಆಮೇಲೆ ಸಂಘದಲ್ಲಿ ಕೈಸಾಲ ಕೇಳಿದ ಮನೆಗಳನ್ನೂ ನಾವು ಕಂಡಿದ್ದೇವೆ.

ಸರಿಯಾದ ದಾರಿ, ತಪ್ಪು ದಾರಿ

ಹಡಗಿಗೆ ಹೋಗುವವನಿಗೆ ಮೊದಲು ಪಾಸ್‌ಪೋರ್ಟ್. ಆಮೇಲೆ ಇಂಡೋಸ್ ನಂಬರ್. ನಂತರ ತರಬೇತಿ. ಹತ್ತನೇ ಪಾಸಾದವರಿಗೆ, ಐಟಿಐ ಮುಗಿಸಿದವರಿಗೆ ಜಿ.ಪಿ. ರೇಟಿಂಗ್ ಎಂಬ ಆರು ತಿಂಗಳ ತರಬೇತಿ ಇದೆ. ವಯಸ್ಸು ಹದಿನೇಳೂವರೆಯಿಂದ 25ರ ಒಳಗೆ. ಇಂಗ್ಲಿಷಿನಲ್ಲಿ ಶೇಕಡಾ 40 ಅಂಕ ಬೇಕು. ಕೊನೆಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ. ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ ಇವೆಲ್ಲ ಸುರಕ್ಷತಾ ತರಬೇತಿಯಲ್ಲಿ ಬರುತ್ತವೆ. ಮಾನ್ಯತೆ ಇರುವ ವೈದ್ಯರಿಂದ ತಪಾಸಣೆ, ಬಣ್ಣ ಗುರುತಿಸುವ ಕಣ್ಣಿನ ಪರೀಕ್ಷೆ ಸಹಿತ. ಕೆಂಪು ಹಸಿರು ಗೊತ್ತಾಗದವನಿಗೆ ಅವಕಾಶ ಇಲ್ಲ. ಇದನ್ನು ತರಬೇತಿಗೆ ದುಡ್ಡು ಕಟ್ಟುವ ಮೊದಲೇ ನೋಡಿಸಿಕೊಳ್ಳಿ, ಕಟ್ಟಿದ ಮೇಲೆ ಅಲ್ಲ. ಇದೆಲ್ಲ ಆದ ಮೇಲೆ ಸಿಡಿಸಿ ಪುಸ್ತಕ ಸಿಗುತ್ತದೆ.

ಸಿಡಿಸಿ ಅಂದರೆ ನಾವಿಕನ ಗುರುತಿನ ಪುಸ್ತಕ, ನೌಕರಿ ಅಲ್ಲ. "ಸಿಡಿಸಿ ಬಂತು ಅಂದ್ರ ಕೆಲಸ ಬಂದಂಗ" ಅನ್ನುವ ಮಾತು ಸುಳ್ಳು. ಸಿಡಿಸಿ ಕೈಯಲ್ಲಿ ಹಿಡಿದು ಮುಂಬೈಯಲ್ಲಿ ವರ್ಷಗಟ್ಟಲೆ ಅಲೆಯುವ ಹುಡುಗರು ಬಹಳ ಜನ ಇದ್ದಾರೆ. ತರಬೇತಿ ಸಂಸ್ಥೆಗೆ ಸೇರುವ ದಿನವೇ ಕೇಳಬೇಕು: ಮುಗಿದ ಮೇಲೆ ಹಡಗು ಹತ್ತಿಸುವ ಹೊಣೆ ಯಾವ ಕಂಪನಿ ಹೊತ್ತಿದೆ, ಬರಹದಲ್ಲಿ ಕೊಡ್ತೀರಾ? ಬೇರೆ ಯಾವುದೋ ದೇಶದ ಸಿಡಿಸಿ ವಾರದಲ್ಲಿ ಮಾಡಿಸಿ ಕೊಡ್ತೀವಿ ಅನ್ನುವವರ ಬಾಗಿಲಿಗೂ ಹೋಗಬೇಡಿ.

ಇನ್ನು ಮುಖ್ಯ ವಿಷಯ. ನಾವಿಕರನ್ನು ಹಡಗಿಗೆ ಕಳಿಸುವ ಯಾವುದೇ ಕಂಪನಿಗೆ ಕೇಂದ್ರ ಸರಕಾರದ ಲೈಸೆನ್ಸ್ ಬೇಕು. ಅದಕ್ಕೆ ಆರ್‌ಪಿಎಸ್‌ಎಲ್ ಅನ್ನುತ್ತಾರೆ. ಲೈಸೆನ್ಸ್ ಪಡೆದವರ ಪಟ್ಟಿ, ಮಾನ್ಯತೆ ಇರುವ ತರಬೇತಿ ಸಂಸ್ಥೆಗಳ ಪಟ್ಟಿ ಎರಡೂ ಮುಂಬೈಯ ಡಿಜಿ ಶಿಪ್ಪಿಂಗ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಲೈಸೆನ್ಸ್ ಇರುವ ಕಂಪನಿ ಕೆಲಸ ಕೊಡಿಸಿದ್ದಕ್ಕೆ ಹುಡುಗನಿಂದ ಒಂದು ಪೈಸೆ ತೆಗೆದುಕೊಳ್ಳುವಂತಿಲ್ಲ. ವೈದ್ಯಕೀಯ ಸರ್ಟಿಫಿಕೇಟ್, ಸಿಡಿಸಿ, ಪಾಸ್‌ಪೋರ್ಟ್ ಖರ್ಚು ನಮ್ಮದು. ವೀಸಾ ಖರ್ಚು ಮಾಲೀಕನದು. ತರಬೇತಿಯ ಫೀ ಬೇರೆ, ಅದು ಸಂಸ್ಥೆಗೆ ರಶೀದಿ ಪಡೆದು ಕಟ್ಟುವಂಥದ್ದು. "ನೌಕರಿ ಕೊಡಸಾಕ" ಅಂತ ಕೇಳಿದ ದುಡ್ಡು ಎಷ್ಟೇ ಇರಲಿ, ಅದು ಕಾನೂನಿಗೆ ವಿರುದ್ಧ.

ಈಗ ಆ ತಾಯಿಯ ಕಾಗದಕ್ಕೆ ಬರೋಣ. ತಲೆಬರಹದಲ್ಲಿ ಒಂದು ದೊಡ್ಡ ಹಡಗು ಕಂಪನಿಯ ಹೆಸರು, ಚಿತ್ರ, ಸೀಲು ಎಲ್ಲ ಇತ್ತು. ಲೈಸೆನ್ಸ್ ನಂಬರ್ ಇರಲಿಲ್ಲ. ಹಡಗಿನ ಹೆಸರು ಇತ್ತು, ಐಎಂಒ ನಂಬರ್ ಇರಲಿಲ್ಲ. ಪ್ರತಿ ದೊಡ್ಡ ಹಡಗಿಗೆ ಏಳು ಅಂಕಿಯ ಈ ನಂಬರ್ ಇರುತ್ತದೆ. ಹಡಗು ಮಾರಲಿ, ಹೆಸರು ಬದಲಿಸಲಿ, ಬಾವುಟ ಬದಲಿಸಲಿ, ಆ ನಂಬರ್ ಬದಲಾಗುವುದಿಲ್ಲ. ದುಡ್ಡು ಕಟ್ಟಬೇಕಾದದ್ದು ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ. ಹುಡುಗ ಪ್ರವಾಸಿ ವೀಸಾದಲ್ಲಿ ಹೊರದೇಶದ ಬಂದರಿಗೆ ಹೋಗಬೇಕು, ಒಪ್ಪಂದ ಅಲ್ಲಿ ಹೋದ ಮೇಲೆ. ನಾವು ತಲೆಬರಹದಲ್ಲಿದ್ದ ಕಂಪನಿಯ ನಿಜವಾದ ಕಚೇರಿಗೆ ಫೋನ್ ಹಚ್ಚಿದೆವು. ಅಂಥ ಕಾಗದ ನಾವು ಕೊಟ್ಟಿಲ್ಲ ಅಂದರು.

ಅಷ್ಟರಲ್ಲಿ ತಾಯಿ ಮೂವತ್ತು ಸಾವಿರ ಮುಂಗಡ ಕೊಟ್ಟುಬಿಟ್ಟಿದ್ದರು. ಅದನ್ನು ಮೊದಲ ದಿನ ಹೇಳಿರಲಿಲ್ಲ, ನಾಚಿಕೆಗೆ. ನಾವೂ ಕೇಳಿರಲಿಲ್ಲ, ಅದು ನಮ್ಮ ತಪ್ಪು. ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿದೆವು. ದುಡ್ಡು ಬಂದಿಲ್ಲ.

ನಡುನೀರಿನಲ್ಲಿ ಬಿಟ್ಟವರು

ಹಾಗೆ ಹೋದರೆ ಏನಾಗುತ್ತದೆ? ಹಳೆಯ ಹಡಗು, ಸಾಲದಲ್ಲಿ ಮುಳುಗಿದ ಮಾಲೀಕ. ಸಂಬಳ ನಿಲ್ಲುತ್ತದೆ, ಆಮೇಲೆ ಡೀಸೆಲ್, ಆಮೇಲೆ ಅಡುಗೆಯ ಸಾಮಾನು. ಹಡಗು ಬಿಟ್ಟು ಇಳಿದರೆ ಆ ದೇಶದಲ್ಲಿ ವೀಸಾ ಇಲ್ಲದ ಅಪರಾಧಿ. ಐಬಾ ಎಂಬ ಎಣ್ಣೆ ಹಡಗಿನಲ್ಲಿ ಭಾರತೀಯರೂ ಸೇರಿ ಐದು ಜನ ಯುಎಇ ಕಡಲಿನಲ್ಲಿ 2017ರಿಂದ ಸುಮಾರು ನಾಲ್ಕು ವರ್ಷ ಹೀಗೆ ಸಿಕ್ಕಿಬಿದ್ದಿದ್ದರು. 2021ರ ಜನವರಿಯಲ್ಲಿ ಆ ಹಡಗು ತಾನಾಗಿ ದಡಕ್ಕೆ ಬಂದು ಬಿತ್ತು. 2024ರಲ್ಲಿ ಜಗತ್ತಿನಲ್ಲಿ ಹೀಗೆ ಕೈಬಿಟ್ಟ ಹಡಗುಗಳು 300ಕ್ಕೂ ಹೆಚ್ಚು, ನಾವಿಕರು 3,000ಕ್ಕೂ ಹೆಚ್ಚು, ಅವರಲ್ಲಿ ಎಲ್ಲರಿಗಿಂತ ಹೆಚ್ಚು ಭಾರತೀಯರು ಅಂತ ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ಐಟಿಎಫ್ ಲೆಕ್ಕ ಕೊಟ್ಟಿದೆ.

2017ರಿಂದ ಇದಕ್ಕೂ ನಿಯಮ ಬಂದಿದೆ. ಎರಡು ತಿಂಗಳು ಸಂಬಳ ಕೊಡದಿದ್ದರೆ ಕೈಬಿಟ್ಟ ಹಾಗೆಯೇ ಲೆಕ್ಕ. ಹಡಗಿಗೆ ವಿಮೆ ಇರಬೇಕು, ಅದರಿಂದ ನಾಲ್ಕು ತಿಂಗಳ ತನಕದ ಬಾಕಿ ಸಂಬಳ, ಊಟ, ಊರಿಗೆ ಬರುವ ಖರ್ಚು ಸಿಗಬೇಕು. ಆದರೆ ಲೈಸೆನ್ಸ್ ಇಲ್ಲದ ಏಜೆಂಟನ ಮೂಲಕ ಹೋದವನ ಹೆಸರು ನಮ್ಮ ಸರಕಾರದ ಪುಸ್ತಕದಲ್ಲೇ ಇರುವುದಿಲ್ಲ. ಅವನನ್ನು ಹುಡುಕುವುದೇ ಮೊದಲ ಕಷ್ಟ. ಮನೆಯವರು ಎರಡನೇ ತಿಂಗಳೇ ಎಚ್ಚರಾಗಬೇಕು. ಡಿಜಿ ಶಿಪ್ಪಿಂಗ್, ಮುಂಬೈಯ ನಾವಿಕರ ಸಂಘ ನುಸಿ, ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿ, ಐಟಿಎಫ್ ಇವರಿಗೆಲ್ಲ ಬರೆಯಬಹುದು. 1920ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ಸ್ಟೆಲ್ಲಾ ಮಾರಿಸ್ ಎಂಬ ನಮ್ಮ ಧರ್ಮಸಭೆಯ ನಾವಿಕರ ಸೇವೆಯವರು ಅನೇಕ ಬಂದರುಗಳಲ್ಲಿ ಹಡಗು ಹತ್ತಿ ವಿಚಾರಿಸುತ್ತಾರೆ. ಯಾವ ಜಾತಿ, ಯಾವ ಧರ್ಮ ಅಂತ ಅವರು ಕೇಳುವುದಿಲ್ಲ. ಪತ್ರ ಬರೆಯಲು ನಾವು ಸಹಾಯ ಮಾಡ್ತೀವಿ.

ಹತ್ತಿರದ ಕಡಲು

ಎಲ್ಲರೂ ನಡುಗಡಲಿಗೇ ಹೋಗಬೇಕೆಂದಿಲ್ಲ. ಹಡಗು ರಿಪೇರಿಯ ಕೆಲಸ ದಡದ ಮೇಲೂ ಇದೆ. ಅರಬೈಲ್ ಘಟ್ಟ ಇಳಿದರೆ ಕಾರವಾರದಲ್ಲಿ 2005ರಲ್ಲಿ ಶುರುವಾದ ಕದಂಬ ನೌಕಾನೆಲೆ, ಅಲ್ಲಿ ನೌಕಾಪಡೆಯ ಹಡಗು ದುರಸ್ತಿ ಯಾರ್ಡ್. ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ಕರೆಯುತ್ತಾರೆ. ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಅರ್ಜಿಗೆ ಏಜೆಂಟ್ ಬೇಡ. ಮಲ್ಪೆಯಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ತೆಗೆದುಕೊಂಡ ಉಡುಪಿಯ ಯಾರ್ಡ್ ಇದೆ. ಹುಬ್ಬಳ್ಳಿಯಿಂದ ಲೋಂಡಾ ಮಾರ್ಗವಾಗಿ ರೈಲಿನಲ್ಲಿ ವಾಸ್ಕೋಗೆ ಹೋದರೆ ಗೋವಾ ಶಿಪ್‌ಯಾರ್ಡ್. ಇಲ್ಲಿ ಕಲಿತ ವೆಲ್ಡಿಂಗ್ ಮುಂದೆ ಹಡಗಿಗೆ ಹೋಗುವವನಿಗೂ ಬೇಕಾಗುತ್ತದೆ.

ಹುಡುಗಿಯರನ್ನು ಮರೆತಿಲ್ಲ. 1999ರಲ್ಲಿ ಸೋನಾಲಿ ಬ್ಯಾನರ್ಜಿ ನಮ್ಮ ದೇಶದ ಮೊದಲ ಮಹಿಳಾ ಮರೈನ್ ಎಂಜಿನಿಯರ್ ಆದರು. ಫಿಟ್ಟರ್, ವೆಲ್ಡರ್ ಕಲಿಯುವ ಹೆಣ್ಣುಮಕ್ಕಳ ತಾಯಂದಿರು ಇದನ್ನು ಮನೆಯಲ್ಲಿ ಹೇಳಿ.

ಆ ಸಂಘ ಏನು ಮಾಡಿತು ಅಂತ ನೀವು ಕೇಳಬಹುದು. ಏಜೆಂಟನಿಗೆ ಕೊಡಲು ಸಾಲ ಇಲ್ಲ ಅಂತ ಠರಾವು ಬರೆದರು. ತರಬೇತಿಗೆ ಬೇಕಾದರೆ, ಮಾನ್ಯತೆ ನೋಡಿ, ಸಂಸ್ಥೆಯ ಖಾತೆಗೇ ನೇರವಾಗಿ ಕಟ್ಟುವುದು ಅಂತ ಇನ್ನೊಂದು ಸಾಲು ಸೇರಿಸಿದರು. ತಾಯಿ ಆ ದಿನ ಸಿಟ್ಟಾಗಿದ್ದರು, ನಮ್ಮ ಜೊತೆ ಮೂರು ವಾರ ಮಾತಾಡಲಿಲ್ಲ. ಹುಡುಗ ಈಗಲೂ ಗೋಕುಲ ರೋಡಿನಲ್ಲೇ ಇದ್ದಾನೆ. ಸಂಜೆ ಹೊತ್ತು ಕೇಶ್ವಾಪುರದ ಅಣ್ಣನ ಹತ್ತಿರ ಪೈಪ್ ವೆಲ್ಡಿಂಗ್ ತಿದ್ದಿಸಿಕೊಳ್ಳುತ್ತಾನೆ, ಕಾರವಾರದ ಅರ್ಜಿಗೆ ಕಾಯುತ್ತಿದ್ದಾನೆ. ಅವನಿಗೆ ಇಪ್ಪತ್ಮೂರು. ಹಡಗಿನ ಆಸೆ ಬಿಟ್ಟಿಲ್ಲ.

ನಿಮ್ಮ ಸಂಘದಲ್ಲಿ ಯಾರ ಮಗನಾದರೂ, ಗಂಡನಾದರೂ ಈಗ ಹಡಗಿನಲ್ಲಿದ್ದರೆ ಮುಂದಿನ ಸಭೆಗೆ ಇಷ್ಟು ತನ್ನಿ: ಪಾಸ್‌ಪೋರ್ಟ್ ಮತ್ತು ಸಿಡಿಸಿಯ ಜೆರಾಕ್ಸ್, ಒಪ್ಪಂದದ ಪ್ರತಿ, ಕಳಿಸಿದ ಕಂಪನಿಯ ಲೈಸೆನ್ಸ್ ನಂಬರ್, ಹಡಗಿನ ಐಎಂಒ ನಂಬರ್. ಇಲ್ಲದಿದ್ದರೆ ಇವತ್ತೇ ಅವನಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಒಂದು ಪ್ರತಿ ಮನೆಯ ಟ್ರಂಕಿನಲ್ಲಿ, ಒಂದು ಪ್ರತಿ ಸಂಘದ ಫೈಲಿನಲ್ಲಿ ಇಡೋಣ.